ಮೂವರು ಕಲಿಗಳು, ಒಂದು ದಾಳ

ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಾಭಿನಯದ ಮೇಜಿನಾಟದಲ್ಲಿ ಪ್ರತಿ ಆಟಗಾರನೂ ತನ್ನ ಪಾತ್ರಕ್ಕೊಂದು ‘ಕ್ಲಾಸ್’, ಎಂದರೆ ಕಸುಬನ್ನು, ಆರಿಸಿಕೊಳ್ಳಬೇಕಾಗಿದ್ದು, ಹೊಡೆದಾಟವನ್ನೇ ಜೀವನೋಪಾಯ ಮಾಡಿಕೊಂಡವರಲ್ಲಿ ಬಾರ್ಬೇರಿಯನ್, ಪ್ಯಾಲಡಿನ್ ಮತ್ತು ಫೈಟರ್ ಪ್ರಮುಖರು.

2014ರ ಐದನೆಯ ಆವೃತ್ತಿಯಲ್ಲಿ ಬಾರ್ಬೇರಿಯನ್ನನ ಜೀವಬಲವನ್ನು ಹನ್ನೆರಡು ಮುಖದ ದಾಳದಿಂದಲೂ ಉಳಿದಿಬ್ಬರದನ್ನು ಹತ್ತು ಮುಖದ ದಾಳದಿಂದಲೂ ಅಳೆಯುವುದರಿಂದ, ಏಟು ತಿನ್ನುವ ವಿದ್ಯೆಯಲ್ಲಿ ಅವನಿಗೇ ಅಗ್ರಪೂಜೆ. ‘ರೇಜ್’ ಎಂಬ ಕ್ರೋಧಾವೇಶ ಏರಿದೊಡನೆ ಕತ್ತಿ, ಈಟಿ, ಗದೆಗಳ ಪೆಟ್ಟು ಅವನಿಗೆ ಅರ್ಧದಷ್ಟೇ ತಗಲುತ್ತದೆ. ಆದರೆ ಒಂದು ಸುತ್ತಿನೊಳಗೆ ಶತ್ರುವಿನ ಮೇಲೆ ಕೈಮಾಡದೆ, ತಾನೂ ಪೆಟ್ಟು ತಿನ್ನದೆ ಸುಮ್ಮನಿದ್ದರೆ ಆ ಆವೇಶ ತಾನಾಗಿ ಇಳಿದುಹೋಗುವುದರಿಂದ, ಕೋಪವನ್ನು ಉಳಿಸಿಕೊಳ್ಳಲು ಜಗಳವನ್ನು ಹುಡುಕಿಕೊಂಡು ಹೋಗುವುದು ಅವನಿಗೆ ಶಾಸ್ತ್ರೋಕ್ತ ಕರ್ತವ್ಯವಾಗುತ್ತದೆ. (ಇಂಥವರು ಮೇಜಿನಾಟದ ಹೊರಗೂ ಹೇರಳವಾಗಿದ್ದಾರೆ, ಪೆಟ್ಟು ಮಾತ್ರ ಪೂರ್ತಿ ಬೀಳುತ್ತದೆ.)

ಪ್ಯಾಲಡಿನ್ ಎಂಬವನು ಪ್ರತಿಜ್ಞಾಬದ್ಧ ಧರ್ಮಯೋಧನಾಗಿದ್ದು, ಒಂದು ಕೈಯಿಂದ ಗಾಯ ಮಾಯಿಸಿ ಇನ್ನೊಂದರಿಂದ ದಿವ್ಯಪ್ರಹಾರ ಮಾಡಬಲ್ಲ. ಹಿಂದಿನ ನಿಯಮಗಳಲ್ಲಿ ವರ್ಚಸ್ಸು 17ಕ್ಕಿಂತ ಕಡಮೆಯಿದ್ದವರಿಗೆ ಈ ದೀಕ್ಷೆಯೇ ಇರಲಿಲ್ಲವಾದ್ದರಿಂದ, ಧರ್ಮರಕ್ಷಣೆಗೆ ಮುಖಲಕ್ಷಣ ಅನಿವಾರ್ಯವೆಂದು ಅಂದಿನ ಆಟಗಾರರು ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಆವೇಶವಾಗಲಿ ಪ್ರತಿಜ್ಞೆಯಾಗಲಿ ಇಲ್ಲದ ಫೈಟರನನ್ನು ನೀರಸನೆಂದು ಹಳಿಯುವ ವಾಡಿಕೆಯಿದ್ದರೂ, ಇಪ್ಪತ್ತನೆಯ ಮಟ್ಟವನ್ನು ಮುಟ್ಟಿದಾಗ ಒಂದು ಸರದಿಗೆ ನಾಲ್ಕು ಏಟು, ‘ಆಕ್ಷನ್ ಸರ್ಜ್’ ಎಂಬ ಹೆಚ್ಚುವರಿ ಅವಕಾಶ ಸೇರಿದರೆ ಎಂಟು ಏಟು ಹಾಕುವವನು ಅವನೊಬ್ಬನೇ.