ಮಲಗಿದವನೇ ರೋಗಿ

ಮಂಗಳೂರಿನ ಕಾವೂರಿನ ಕಡೆ ದೇವಸ್ಥಾನದ ಬ್ರಹ್ಮಕಲಶ ಬಂತೆಂದರೆ, ಅನ್ನದಾನಕ್ಕೆ ಕಡ್ಲೆಬೇಳೆ ಪಾಯಸವೋ ಹೆಸರುಬೇಳೆಯದ್ದೋ ಎಂದು ನಿರ್ಧರಿಸಲು ಮೂರು ಸಭೆಯಾದರೂ ಬೇಕು. ಮೂಲೆಯಲ್ಲಿ ಕೂತ ಅಜ್ಜನೂ ಎದ್ದು ನಿಂತು ಮಾತಾಡುತ್ತಾರೆ. ಅದೇ ಅಜ್ಜನ ಆಯುಷ್ಮಾನ್ ಕಾರ್ಡಿಗೆ ಯಾವ ಕಾಯಿಲೆ ಸೇರಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ ಅವರ ಹೆಬ್ಬೆರಳು ಸಾಕು, ಬಾಯಿ ಬೇಡ.

ಆ ಕಾರ್ಡಿನ ಪಟ್ಟಿಯಲ್ಲಿ 1,650 ಚಿಕಿತ್ಸೆಗಳುಂಟು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ. ಇದು ಸಣ್ಣ ಸಂಗತಿಯಲ್ಲ, ಹೃದಯದ ಆಪರೇಷನ್ನಿಗೆ ಮನೆ ಅಡವಿಡುವುದು ಎಷ್ಟೋ ಜನರಿಗೆ ತಪ್ಪಿದೆ. ಆದರೆ ಈ ಯೋಜನೆಯ ಕಣ್ಣಿಗೆ ಬೀಳಬೇಕಾದರೆ ಮಲಗಲೇಬೇಕು. ಕೂತ ರೋಗಿ, ನಿಂತ ರೋಗಿ ಲೆಕ್ಕಕ್ಕಿಲ್ಲ. ಸಕ್ಕರೆ ಕಾಯಿಲೆಯ ತಿಂಗಳ ಮಾತ್ರೆ, ರಕ್ತಪರೀಕ್ಷೆ ನಿಮ್ಮದೇ ಖರ್ಚು. ಕಾಲು ಕತ್ತರಿಸುವ ಹಂತಕ್ಕೆ ಬನ್ನಿ, ಸರ್ಕಾರ ಹಾಜರ್! ಅದೂ ತುರ್ತಲ್ಲದ ಎಷ್ಟೋ ಚಿಕಿತ್ಸೆಗೆ, ಖಾಸಗಿ ಆಸ್ಪತ್ರೆ ಮನೆಯ ಹತ್ತಿರವೇ ಇದ್ದರೂ, ಮೊದಲು ಬಸ್ಸು ಹತ್ತಿ ಸರ್ಕಾರಿ ವೆನ್ಲಾಕ್ ಆಸ್ಪತ್ರೆಗೆ ಹೋಗಿ ಚೀಟಿ ತರಬೇಕು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಧರ್ಮಕ್ಕೆ ಸಿಗುವುದಿಲ್ಲವಾ ಎನ್ನುತ್ತೀರಿ. ಸಿಗುತ್ತದೆ ಮಾರಾಯ್ರೆ, ಸ್ಟಾಕ್ ಇದ್ದ ದಿನ.

ಪಟ್ಟಿಯಲ್ಲಿ ಏನಿರಬೇಕೆಂದು ಜನರನ್ನು ಕೇಳಿದರೆ ಅವರಿಗೆಂತ ಗೊತ್ತುಂಟು ಎಂಬುದು ತಜ್ಞರ ವಾದ. ಕೇಳಿಯಾಗಿದೆ! 2005ರ ಕೊನೆಗೆ ಸಂಶೋಧಕ ಡೇವಿಡ್ ಡ್ರೋರ್ ಮತ್ತು ಸಂಗಡಿಗರು ಕರ್ನಾಟಕ, ಮಹಾರಾಷ್ಟ್ರದ 302 ಬಡವರನ್ನು 24 ಗುಂಪು ಮಾಡಿ ಕೂರಿಸಿದರು. ತಲೆಗೆ ವರ್ಷಕ್ಕೆ ಸುಮಾರು 11 ಡಾಲರಿನ ವಿಮೆ, ಇಷ್ಟರಲ್ಲೇ ನಿಮಗೇನು ಬೇಕೋ ಆರಿಸಿಕೊಳ್ಳಿ ಎಂದರು. ಅವರಲ್ಲಿ ಓದುಬರಹ ಬಾರದವರು, ವಿಮೆಯ ಮುಖವನ್ನೇ ನೋಡದವರು ಬಹಳ ಮಂದಿ. ಶೇ. 88.4ರಷ್ಟು ಜನ ಹೊರರೋಗಿ ಚಿಕಿತ್ಸೆ, ಒಳರೋಗಿ ಚಿಕಿತ್ಸೆ, ಔಷಧಿ, ಪರೀಕ್ಷೆ ಈ ನಾಲ್ಕರಲ್ಲಿ ಕನಿಷ್ಠ ಮೂರನ್ನು ಆರಿಸಿದರು. ಸಂಶೋಧಕರಿಗೆ ಅಷ್ಟಕ್ಕೇ ಸಮಾಧಾನವಿಲ್ಲ. 2,049 ಕಾಯಿಲೆ ಪ್ರಸಂಗಗಳ ಖರ್ಚಿನೊಂದಿಗೆ ತಾಳೆ ನೋಡಿ, ಬಡವರ ಆಯ್ಕೆ ವಿವೇಕದ್ದೇ ಎಂದು 2007ರಲ್ಲಿ ಸರ್ಟಿಫಿಕೇಟ್ ಕೊಟ್ಟರು. ಪಟ್ಟಿ ಮಾಡುವ ಅಧಿಕಾರಿಗಳ ವಿವೇಕವನ್ನೂ ಹೀಗೆ ಅಳೆಯಬಹುದಿತ್ತು, ಅದಕ್ಕೆ ಅನುದಾನ ಯಾರು ಕೊಡುತ್ತಾರೆ?

ಆ ಉತ್ತರ ಸಿಕ್ಕಿದ ಮೇಲೆ ಸರ್ಕಾರ ಮಾಡಿದ್ದೇನು? 2010ರಲ್ಲಿ ಬಂದ ವಾಜಪೇಯಿ ಆರೋಗ್ಯಶ್ರೀ ಯೋಜನೆ ದೊಡ್ಡ ಆಸ್ಪತ್ರೆಯ ದೊಡ್ಡ ಕಾಯಿಲೆಗೆ ಮಾತ್ರವಿತ್ತು. 2018ರಲ್ಲಿ ಹೆಸರು ಆರೋಗ್ಯ ಕರ್ನಾಟಕವಾಯಿತು, ಅದೇ ವರ್ಷ ಮುಂದೆ ಆಯುಷ್ಮಾನ್ ಭಾರತವೂ ಸೇರಿತು. ಮಾತ್ರೆ ನುಂಗಿ ಕೆಲಸಕ್ಕೆ ಹೋಗುವವನಿಗೆ ಮಾತ್ರ ಈ ಪಟ್ಟಿಯಲ್ಲಿ ಇನ್ನೂ ಯಾವ ಹೆಸರೂ ಇಲ್ಲ.

ಮುಂದಿನ ಸಲ ಪಟ್ಟಿ ತಿದ್ದುವ ಮೊದಲು ನಮ್ಮ ಊರಿಗೆ ಬಂದು ಕೇಳಿ ಸ್ವಾಮಿ. ಬರಲಾಗದಿದ್ದರೆ 2005ರ ಉತ್ತರವನ್ನಾದರೂ ಓದಿ.