ಇಂದಿರಾ ಒಲ್ಲೆ ಅಂದದ್ದೇ ಸರಿ

ಚಳ್ಳಕೆರೆಯ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಎದೆಮಟ್ಟದ ಗೋಡೆ. ಕರಿಬೇವು, ಹೆಪ್ಪಿಗೆ ಮೊಸರು ಬಿಟ್ಟರೆ ಆ ಗೋಡೆಯ ಮೇಲೆ ಹೆಚ್ಚಾಗಿ ಓಡಾಡುವುದು ಕಾದಂಬರಿಗಳು. ಆಚೆಮನೆ ಅಕ್ಕನ ತವರು ಮೊಳಕಾಲ್ಮೂರು, ಮಗ್ಗದ ಮನೆ. ಮದುವೆಯಾಗಿ ಇಲ್ಲಿಗೆ ಬರುವಾಗ ಟ್ರಂಕಿನಲ್ಲಿ ಸೀರೆಗಳ ಕೆಳಗೆ ತ್ರಿವೇಣಿಯ ಪುಸ್ತಕಗಳನ್ನು ಇಟ್ಟುಕೊಂಡು ಬಂದವರು ಅವರು. ಮೊನ್ನೆ ನನ್ನ ‘ಬೆಳ್ಳಿಮೋಡ’ವನ್ನು ಇನ್ನೊಂದು ಸಲ ಓದಿ ವಾಪಸು ಕೊಡುತ್ತಾ ಹಳೇ ತಕರಾರು ಎತ್ತಿದರು.

“ಅಲ್ಲ ತಂಗೀ, ಅವ್ನು ಅಷ್ಟೊಂದು ಕೇಳ್ಕೊಂಡ, ತಪ್ಪಾತು ಅಂದ. ಇವ್ಳು ಹೂಂ ಅಂದಿದ್ರೆ ಏನ್ ಗಂಟು ಹೋಗ್ತಿತ್ತು?”

ಓದದವರಿಗಾಗಿ ಕಥೆ ಹೇಳಿಬಿಡುತ್ತೇನೆ. ಇಂದಿರಾ ಮಲೆನಾಡಿನ ಎಸ್ಟೇಟು ಮಾಲೀಕರ ಒಬ್ಬಳೇ ಮಗಳು. ಮೋಹನನ ಜೊತೆ ಮದುವೆ ಗೊತ್ತಾಗಿದೆ. ಮಾವನಾಗುವವರ ದುಡ್ಡಲ್ಲೇ ಅವನು ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಇಂದಿರಾಳಿಗೆ ತಮ್ಮ ಹುಟ್ಟುತ್ತಾನೆ, ಆಸ್ತಿಗೆ ವಾರಸುದಾರ ಬಂದಂತಾಯಿತು. ವಾಪಸು ಬಂದ ಮೋಹನನ ಪ್ರೀತಿ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಅವನು ಬಿದ್ದು ಪೆಟ್ಟು ಮಾಡಿಕೊಂಡು ಅದೇ ಮನೆಯಲ್ಲಿ ಮಲಗಿದಾಗ ಆರೈಕೆ ಮಾಡುವವಳು ಇಂದಿರಾ. ಅವನ ಮನಸ್ಸು ತಿರುಗುತ್ತದೆ, ಕೈಹಿಡಿ ಅನ್ನುತ್ತಾನೆ. ಅವಳು ಒಲ್ಲೆ ಅನ್ನುತ್ತಾಳೆ.

ಅವಳು ಮಾಡಿದ್ದೇ ಸರಿ. ಆರೈಕೆ ಮಾಡಿದ್ದು ಅವಳ ದೊಡ್ಡತನ, ಅದನ್ನೇ ಒಪ್ಪಿಗೆ ಅಂತ ಅವನು ತಿಳಿದುಕೊಂಡರೆ ಅದು ಅವನ ತಪ್ಪು. ಪೆಟ್ಟು ಬಿದ್ದಾಗ ಹುಟ್ಟಿದ ಪ್ರೀತಿ ಗಾಯ ಮಾಯ್ದ ಮೇಲೂ ಇರುತ್ತದೆ ಅನ್ನುವುದಕ್ಕೆ ಗ್ಯಾರಂಟಿ ಏನು? ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದ ತ್ರಿವೇಣಿಗೆ ಇದು ಚೆನ್ನಾಗಿ ಗೊತ್ತಿತ್ತು. 1928ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡ ಹೆಣ್ಣುಮಗಳು, ಹತ್ತೇ ವರ್ಷದಲ್ಲಿ 20ರಷ್ಟು ಕಾದಂಬರಿ ಬರೆದರು. ‘ಬೆಳ್ಳಿಮೋಡ’ವನ್ನು 1967ರಲ್ಲಿ ಪುಟ್ಟಣ್ಣ ಕಣಗಾಲರು ತಮ್ಮ ಮೊದಲ ಕನ್ನಡ ಚಿತ್ರವಾಗಿ ಮಾಡಿದರು. ಮಲೆನಾಡು, ಮಂಜು, ಹಾಡು, ಪ್ರೇಮ ಎಲ್ಲ ಇರುವ ಕಥೆ. ಹಗುರವಾದ ಓದು ಅಂತ ಕೈಗೆತ್ತಿಕೊಂಡ ಸಾವಿರಾರು ಹೆಂಗಸರ ಮುಂದೆ, ಮದುವೆ ಬೇಡ ಅಂತ ತಲೆಯೆತ್ತಿ ಹೇಳುವ ಒಬ್ಬ ಹುಡುಗಿಯನ್ನು ನಿಲ್ಲಿಸಿದ ಪುಸ್ತಕ ಅದು.

ಅದಕ್ಕೇ ಪ್ರೇಮಕಾದಂಬರಿ ಅಂದಕೂಡಲೇ ಮೂಗು ಮುರಿಯುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ಹೆಂಗಸರು ಬರೆದು ಹೆಂಗಸರು ಓದಿದ್ದಕ್ಕೆಲ್ಲ ‘ಅಡುಗೆಮನೆ ಸಾಹಿತ್ಯ’ ಅಂತ ಹೆಸರಿಟ್ಟು ಕೈತೊಳೆದುಕೊಂಡರು. ಸಾಯಿಸುತೆ ನೂರಕ್ಕೂ ಹೆಚ್ಚು ಕಾದಂಬರಿ ಬರೆದಿದ್ದಾರೆ. ಅವನ್ನು ಓದಿಯೇ ಅಕ್ಷರದ ರೂಢಿ ಉಳಿಸಿಕೊಂಡ ಎಷ್ಟು ಮನೆಗಳು ಈ ಊರಲ್ಲಿವೆ ಅಂತ ಯಾರಾದರೂ ಕೇಳಿದ್ದಾರಾ? ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸಿದ ಹುಡುಗಿ ಮೂವತ್ತು ವರ್ಷ ಆದಮೇಲೂ ಮಗನ ಅರ್ಜಿಯನ್ನು ತಾನೇ ಓದಿ ಸಹಿ ಹಾಕುತ್ತಾಳೆ ಅಂದರೆ, ಆ ರೂಢಿ ಬಂದದ್ದು ವಾರಪತ್ರಿಕೆಯ ಧಾರಾವಾಹಿಯಿಂದ, ಬಾಡಿಗೆ ಪುಸ್ತಕದಂಗಡಿಯಿಂದ.

ಗಂಡಸರು ಬರೆದ ಪ್ರೇಮಕ್ಕೆ ಮಾತ್ರ ಬೇರೆ ತಕ್ಕಡಿ. ನಮ್ಮ ತಾಲ್ಲೂಕಿನ ತಳುಕಿನವರೇ ಅಲ್ಲವೇ ತ.ರಾ.ಸು.! ವೇದಿಕೆ ಹತ್ತಿದವರೆಲ್ಲ ‘ದುರ್ಗಾಸ್ತಮಾನ’ದ ಹೆಸರು ಹೇಳುತ್ತಾರೆ. ಹೇಳಲಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ, ಅಂಥದ್ದು ಇನ್ನೊಂದು ಬರಲಿಲ್ಲ. ಆದರೆ ಅದೇ ಕೈ ‘ಚಂದನದ ಗೊಂಬೆ’, ‘ಗಾಳಿಮಾತು’ ಬರೆಯಿತು ಅನ್ನುವುದನ್ನು ಯಾಕೆ ನುಂಗಿಕೊಳ್ಳಬೇಕು? ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’, ಈ ಮೂರೂ ಸೇರಿ 1972ರಲ್ಲಿ ಒಂದೇ ಸಿನಿಮಾ ಆದವು. ಅದರ ನಾಯಕ ರಾಮಾಚಾರಿಯನ್ನು ಕಂಡರೆ ನನಗೆ ಕರುಳು ಚುರ್ ಅನ್ನುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ದುರ್ಗದ ಕಲ್ಲಿನ ನಡುವೆ ಹುಟ್ಟಿದ ಪ್ರೀತಿಗೆ ನಮ್ಮ ದೊಡ್ಡ ಲೇಖಕರು ಬದುಕಲು ಬಿಟ್ಟದ್ದು ಕಮ್ಮಿ. ರಾಮಾಚಾರಿ ಪ್ರೀತಿಸಿದ ಅಲಮೇಲುಗೂ ಸುಖ ಇಲ್ಲ, ಮಾರ್ಗರೆಟ್‌ಗೂ ಇಲ್ಲ. ಪ್ರೇಮಿಗಳು ಸತ್ತರೆ ಮಾತ್ರ ಘನವಾದ ಸಾಹಿತ್ಯ ಅನ್ನುವ ಲೆಕ್ಕಾಚಾರವನ್ನು ನಾನು ಒಪ್ಪುವುದಿಲ್ಲ. ಇಬ್ಬರು ಬದುಕಿ, ಬಾಳಿ, ಜಗಳವಾಡಿ, ಸಂಜೆಗೆ ಒಟ್ಟಿಗೆ ಉಣ್ಣುವಂತೆ ಮಾಡುವುದು ಬರೆಯುವವರಿಗೆ ಇನ್ನೂ ಕಷ್ಟದ ಕೆಲಸ.

ಅಕ್ಕ ಇದನ್ನು ಒಪ್ಪುತ್ತಾರೆ. “ಸಾಯೋದು ದಿನಾ ನೋಡ್ತೀವಿ ಬಿಡು, ಪುಸ್ತಕ್‌ದಾಗಾದ್ರೂ ಬದುಕ್ಲಿ” ಅನ್ನುತ್ತಾರೆ.

ಇನ್ನು ರಜೆಯ ಕಾದಂಬರಿ. ಊರು ಬಿಟ್ಟು ಎಲ್ಲೋ ಹೋಗಿ, ಅಲ್ಲಿ ಯಾರನ್ನೋ ಕಂಡು, ಮನಸ್ಸು ಹಗುರಾಗುವ ಕಥೆಗಳು. ನಮ್ಮ ಕಡೆಯ ಹೆಂಗಸಿಗೆ ರಜೆ ಅಂದರೇನು? ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು, ಗೌರಸಮುದ್ರದ ಮಾರಮ್ಮನ ಜಾತ್ರೆ, ಹೆರಿಗೆಗೆ ತವರು. ಅಲ್ಲಿಗೆ ಹೋದರೂ ಒಲೆಯ ಮುಂದೆ ಕೂರುವುದು ತಪ್ಪುವುದಿಲ್ಲ. ಹೀಗಿರುವಾಗ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಕದದ ಸಂದಿನ ಗಾಳಿಗೆ ಮುಖ ಕೊಟ್ಟು ಕೂತು ಓದುವ ಒಂದು ಗಂಟೆಯೇ ಪ್ರವಾಸ. ಅದರಲ್ಲೂ ನಮಗೆ ಬೇಕಾದದ್ದು ಮಳೆ. ಚಳ್ಳಕೆರೆ, ಮೊಳಕಾಲ್ಮೂರಿಗೆ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರು ಮುಟ್ಟಿದರೆ ಪುಣ್ಯ. ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ಎಂ.ಕೆ. ಇಂದಿರಾ ಅವರ ‘ತುಂಗಭದ್ರಾ’ ಓದುವಾಗ ತೀರ್ಥಹಳ್ಳಿ ಕಡೆಯ ಆ ಜಡಿಮಳೆ, ಅಡಿಕೆ ತೋಟ, ಹೊಗೆ ಹಿಡಿದ ಅಟ್ಟ ಎಲ್ಲ ನನ್ನ ಮೈಮೇಲೇ ಬಂದಂತಿರುತ್ತಿತ್ತು. ಏಪ್ರಿಲ್ ಬಿಸಿಲಲ್ಲಿ ಕೊಡ ಹಿಡಿದು ನಲ್ಲಿ ನೀರಿಗೆ ಕಾಯುತ್ತಾ ಅದನ್ನು ಓದಿದವಳು ನಾನು. ಮಲೆನಾಡಿನವರಿಗೆ ಆ ಮಳೆ ದಿನನಿತ್ಯದ ಪಾಡು, ನಮಗೆ ಅದು ಸಂಪೂರ್ಣ ಬೇರೆ ಲೋಕ. ಹೀಗೆ ಊರಿಂದ ಊರಿಗೆ ಓದು ಬದಲಾಗುತ್ತದೆ ಅನ್ನುವುದನ್ನು ವಿಮರ್ಶಕರು ಲೆಕ್ಕಕ್ಕೆ ತೆಗೆದುಕೊಂಡದ್ದು ನಾನು ಕಾಣೆ.

ಅಕ್ಕನ ಇನ್ನೊಂದು ಖಜಾನೆ ತೆಲುಗಿನದು. ರಾಯದುರ್ಗ ಪಕ್ಕದಲ್ಲೇ ಇರುವುದರಿಂದ ಮೊಳಕಾಲ್ಮೂರಿನ ಎಷ್ಟೋ ಮನೆಗಳಲ್ಲಿ ತೆಲುಗು ಕನ್ನಡ ಎರಡೂ ಒಂದೇ ಪಡಸಾಲೆಯಲ್ಲಿ ನಡೆಯುತ್ತವೆ. ಅವರ ಅತ್ತಿಗೆ ಯದ್ದನಪೂಡಿ ಸುಲೋಚನಾರಾಣಿಯ ‘ಸೆಕ್ರೆಟರಿ’ಯನ್ನು ಗಟ್ಟಿಯಾಗಿ ಓದುತ್ತಿದ್ದರೆ ಮನೆಯ ಹೆಂಗಸರೆಲ್ಲ ಕಂಡಿಕೆ ಸುತ್ತುತ್ತಾ ಕೇಳುತ್ತಿದ್ದರಂತೆ. 1966ರ ಕಾದಂಬರಿ ಅದು. ಕೆಲಸಕ್ಕೆ ಹೋಗುವ ಜಯಂತಿ, ದೊಡ್ಡ ಶ್ರೀಮಂತ ರಾಜಶೇಖರಂ, ಇಬ್ಬರ ಬಿಗುಮಾನ. ಯದ್ದನಪೂಡಿಯ ನಾಯಕ ಅಂದರೆ ಆರಡಿ ಎತ್ತರ, ಉದ್ದನೆಯ ಕಾರು. ಅದನ್ನು ಆಡಿಕೊಳ್ಳುವವರು ಬಹಳ. ನನಗೆ ಜಯಂತಿ ಕಾಣುತ್ತಾಳೆ, ತಾನು ದುಡಿದ ಸಂಬಳದ ಮೇಲೆ ನಿಂತು ಮಾತಾಡುವ ಹುಡುಗಿ. ಪ್ರೇಮಕಾದಂಬರಿಗೆ ನನ್ನದೊಂದು ಕಟ್ಟುನಿಟ್ಟಿನ ಪರೀಕ್ಷೆ ಇದೆ. ನಾಯಕ ನಾಯಕಿ ಹೊಟ್ಟೆಗೆ ಏನು ಮಾಡುತ್ತಾರೆ ಅಂತ ಪುಸ್ತಕ ಮುಚ್ಚಿದ ಮೇಲೆ ನಾನು ಹೇಳುವಂತಿರಬೇಕು. ಬೆಳಗಿನಿಂದ ಸಂಜೆವರೆಗೆ ಪ್ರೀತಿ ಬಿಟ್ಟು ಬೇರೆ ಕೆಲಸವೇ ಇಲ್ಲದವರ ಪ್ರೀತಿಯ ಮೇಲೆ ನನಗೆ ನಂಬಿಕೆ ಕೂರುವುದಿಲ್ಲ.

ಮಾಯಾ ಮಂತ್ರದ ಕಥೆಗಳಿಗೂ ಪರೀಕ್ಷೆ ಉಂಟು. ಮಾಯೆಗೆ ಕಟ್ಟಳೆ ಇರಬೇಕು. 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ ಓದಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿಕ್ರಮ ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಹೋಳಾಗುತ್ತದೆ, ಬಾಯಿಬಿಟ್ಟರೆ ಬೇತಾಳ ಮರಕ್ಕೆ ಹಾರುತ್ತದೆ. ಎರಡು ಸಾಲಿನ ಕಟ್ಟಳೆ, ಅದರ ಮೇಲೆ ಎಷ್ಟು ಕಥೆ ನಿಂತವು ನೋಡಿ! ಈಗ ಬರುವ ಎಷ್ಟೋ ಮಾಯಾಕಥೆಗಳಲ್ಲಿ ನಾಯಕನಿಗೆ ಕಷ್ಟ ಬಂದ ಕೂಡಲೇ ಹೊಸ ಶಕ್ತಿ ಬಂದುಬಿಡುತ್ತದೆ. ಅಲ್ಲಿಗೆ ಕಥೆ ಸತ್ತಂತೆ.

ಯಂಡಮೂರಿಯ ‘ತುಳಸಿದಳ’ ಹಗುರದ ಲೆಕ್ಕಕ್ಕೆ ಬರುವುದಿಲ್ಲ. ಆಸ್ತಿಗಾಗಿ ಒಂದು ಎಳೆಯ ಹುಡುಗಿಯ ಮೇಲೆ ಮಾಟ ಮಾಡಿಸುವ ಕಥೆ. ಅದನ್ನು ಓದಿದ ವಾರವೆಲ್ಲ ಅಕ್ಕ ರಾತ್ರಿ ಹಿತ್ತಲಿಗೆ ಬರಲಿಲ್ಲ. ನನಗೂ ಆ ಬಗೆಯ ಹೆದರಿಕೆ ಬೇಡ. ಬೆಳಕಿನಂಥ ಅಚ್ಚರಿ ಬೇಕು, ಅದು ನಮ್ಮ ಮಣ್ಣಲ್ಲೇ ಇದೆ. ಇಲ್ಲಿನ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥೆ ಕೇಳಿದ್ದೀರಾ? ದನ ಕಾಯುವ ದೇವರು, ಕೈಯಲ್ಲಿ ಉದ್ದನೆಯ ಬಿದಿರ ಗಣೆ. ದೇವರಾದರೂ ಹುಲ್ಲು ನೀರು ಹುಡುಕಿಕೊಂಡು ಅಲೆಯಬೇಕು. ಅಲೌಕಿಕದ ಪಕ್ಕದಲ್ಲೇ ಬರಗಾಲ ಕೂತಿರುತ್ತದೆ. ನಮ್ಮ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಕಲಿತವರಲ್ಲ. ಅವರ ನೆನಪಿನಲ್ಲಿದ್ದ ಹಾಡುಗಳ ರಾಶಿಯನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹ ಮಾಡಿ ಪುಸ್ತಕ ತಂದರು. ಮಾಯಾಲೋಕದ ಕಾದಂಬರಿ ಬರೆಯಬೇಕೆನ್ನುವ ಹುಡುಗರು ಕೋಟೆ, ಡ್ರ್ಯಾಗನ್ನು ಅಂತ ಪರದೇಶಕ್ಕೆ ಹೋಗುವ ಮುಂಚೆ ಒಂದು ಸಲ ಆ ಹಟ್ಟಿಗೆ ಹೋಗಿಬರಲಿ.

ಪ್ರೇಮ, ರಜೆ, ಅಚ್ಚರಿ ಮೂರೂ ಒಂದರಲ್ಲೇ ಬೇಕು ಅಂದವರಿಗೆ ನಾನು ಕೊಡುವುದು ತೇಜಸ್ವಿಯ ‘ಕರ್ವಾಲೊ’. 1980ರ ಪುಸ್ತಕ. ಪ್ರೇಮಕಾದಂಬರಿ ಅಂತ ಯಾರೂ ಅದನ್ನು ಕರೆಯುವುದಿಲ್ಲ. ಆದರೆ ಮಂದಣ್ಣನ ಮದುವೆಯ ಒದ್ದಾಟ ಮರೆತುಹೋಗುತ್ತದೆಯೇ? ಜೇನು ಹಿಡಿಯುವ ಆ ಹುಡುಗನನ್ನು ದೊಡ್ಡ ವಿಜ್ಞಾನಿ ಗೌರವದಿಂದ ಕಾಣುವ ರೀತಿ, ಎಲ್ಲರೂ ಗಂಟುಮೂಟೆ ಕಟ್ಟಿ ಕಾಡಿಗೆ ಹೊರಡುವ ಸಂಭ್ರಮ, ಕೊನೆಗೆ ಅವರು ಹುಡುಕಿಕೊಂಡು ಹೋದ ಹಾರುವ ಓತಿ ಪ್ರಪಾತದೊಳಕ್ಕೆ ತೇಲಿಹೋಗುವುದು. ಕೈಗೆ ಸಿಗದೆ ಹೋದದ್ದರಿಂದಲೇ ಅದು ಉಳಿಯಿತು. ಅಕ್ಕನಿಗೆ ಮಾತ್ರ ಓತಿ ಸಿಗಬೇಕಿತ್ತು, ಫೋಟೋ ತೆಗೆಯಬೇಕಿತ್ತು. ಆ ವಿಚಾರದಲ್ಲಿ ನಮ್ಮಿಬ್ಬರಿಗೂ ಇನ್ನೂ ರಾಜಿಯಾಗಿಲ್ಲ.

ನನ್ನ ದೊಡ್ಡ ಕೊರಗು ಬೇರೆ ಇದೆ. ಕನ್ನಡದ ಪ್ರೇಮ ಯಾವಾಗಲೂ ಎಸ್ಟೇಟಿಗೆ, ಮೈಸೂರಿಗೆ, ಬೆಂಗಳೂರಿಗೆ ಹೋಗುತ್ತದೆ. ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಯಾಕೆ ಬರುವುದಿಲ್ಲ? ಶೇಂಗಾ ಸುಗ್ಗಿಯಲ್ಲಿ ಮಾರ್ಕೆಟ್ಟಿನ ಅಂಗಳಕ್ಕೆ ಬಂದು ನಿಂತು ನೋಡಿ, ಮೂಟೆ, ತೂಕ, ಹರಾಜಿನ ಕೂಗು, ಆ ಗದ್ದಲದ ನಡುವೆ ಯಾವನೋ ಗುಮಾಸ್ತ ಯಾರನ್ನೋ ನೋಡಿಯೇ ಇರುತ್ತಾನೆ. ಕುದಾಪುರದ ಹತ್ತಿರ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸು ಬಂದಿದೆ. ಅಲ್ಲೇ ಹತ್ತಿರ 2017ರಲ್ಲಿ ಶುರುವಾದ ವಿಮಾನ ಪರೀಕ್ಷಾ ನೆಲೆಯಿಂದ ಪೈಲಟ್ ಇಲ್ಲದ ವಿಮಾನಗಳು ಹಾರುತ್ತವೆ. ಕೆಳಗೆ, ಅಮೃತಮಹಲ್ ಕಾವಲಿನ ಹುಲ್ಲು ಕಳೆದುಕೊಂಡ ಕುರಿಗಾಹಿಗಳಿದ್ದಾರೆ. ಬೆಂಗಳೂರಿಂದ ಕೆಲಸಕ್ಕೆ ಬಂದ ಹುಡುಗಿ, ಮೇವಿಲ್ಲದೆ ಕುರಿ ಮಾರಿದ ಮನೆಯ ಹುಡುಗ. ಇಷ್ಟು ಸಾಕು, ಮುನ್ನೂರು ಪುಟ ತಾನಾಗಿ ಬರುತ್ತದೆ.

ಅಕ್ಕ ಇದನ್ನು ಕೇಳಿ, “ನಮ್ಮೂರ್‌ದೂ ಹೇಳು ಮತ್ತೆ” ಅಂದರು. ಮೊಳಕಾಲ್ಮೂರಿನ ಕಥೆ ಅವರೇ ಹೇಳಲಿ ಅಂತ ನಾನು ಸುಮ್ಮನಾದೆ. ಗೋಡೆಯ ಮೇಲೆ ಮೊಣಕೈ ಊರಿ ಶುರು ಮಾಡಿದರು. ಅಂಚೊಂದು ಬಣ್ಣ, ಒಡಲೊಂದು ಬಣ್ಣದ ಸೀರೆ ಕೈಮಗ್ಗದಲ್ಲಿ ಬರಬೇಕಾದರೆ ಮೂರು ಲಾಳಿ ಆಡಬೇಕು. ನೇಯುವವನ ಪಕ್ಕದಲ್ಲಿ ಇನ್ನೊಬ್ಬರು ಕೂತು ಆಚೆ ಅಂಚಿನ ಲಾಳಿ ಎಸೆದುಕೊಡಬೇಕು. ಇಬ್ಬರ ಕೈ ಒಂದೇ ತಾಳಕ್ಕೆ ಬೀಳದಿದ್ದರೆ ಒಡಲಿಗೂ ಅಂಚಿಗೂ ಕೂಡುವ ಜಾಗದಲ್ಲಿ ಗೆರೆ ಎದ್ದುಬಿಡುತ್ತದೆ, ಸಾಹುಕಾರ ಕೂಲಿ ಹಿಡಿಯುತ್ತಾನೆ. ಹಿಂದಿನ ದಿನ ಇಬ್ಬರಿಗೂ ಜಗಳ ಆಗಿದ್ದರೆ ಸೀರೆ ನೋಡಿಯೇ ಹೇಳಬಹುದಂತೆ.

“ಅಂಥಾ ಮಗ್ಗದಾಗೆ ಕೂತ ಹುಡುಗ, ಹುಡುಗಿ. ಮಾತೇ ಆಡಲ್ಲ, ಲಾಳಿ ಮಾತ್ರ ಓಡಾಡ್ತೈತೆ. ಬರೀಲಿ ಯಾರಾದ್ರೂ.”

“ಕೊನೆಗೆ ಮದುವೆ ಆಗ್ತಾರಾ ಅಕ್ಕ?”

“ಆಗ್ಲಿ. ಆದ್ರೆ ಒಂದು ಸೀರೆಗೆ ಎಷ್ಟು ಕೂಲಿ ಅಂತ ಮೊದ್ಲು ಬರೀಬೇಕು. ಆಮೇಲೆ, ಆ ಹುಡುಗಿ ಹೆಸರ್ನಾಗೂ ಕೂಲಿ ಬರ್ಬೇಕು. ಬರ್ಲಿಲ್ಲಾ ಅಂದ್ರೆ ನಿನ್ನ ಇಂದಿರಾ ಅಂದಂಗೆ ಒಲ್ಲೆ ಅನ್ಲಿ.”