ಲಿನಕ್ಸ್ ಮನೆಯ ಸಿ ಡ್ರೈವ್

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕಂತೆ. ಕರಾವಳಿಯ ಯಡ್ತರೆಯ ಡಿಟಿಪಿ ಅಂಗಡಿಯ ಹಳೇ ಸಿಪಿಯು ಬಿಚ್ಚಿ ನೋಡಿದರೆ ಇರುವುದು ಧೂಳು ಮತ್ತು ಉಪ್ಪುಗಾಳಿಯ ತುಕ್ಕು. ಸರಿ, ಲಿನಕ್ಸ್ ಬಂತು. ಹರಕೆ ಬಯಲಾಟದ ಕರಪತ್ರ ಮಾಡಿಸಲು ಬಂದವರ ಮೊದಲ ಪ್ರಶ್ನೆ, ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯ ಬಗ್ಗೆ:

"ಹ್ವಾಯ್, ಇದ್ರಂಗೆ ನುಡಿ ಇತ್ತಾ?"

"ಇಲ್ಲೆ ಮಾರಾಯ್ರೆ. ವೈನ್ ಹಾಕಿ ಕಾಂಬ."

ವೈನ್ 1993ರಲ್ಲಿ ಶುರುವಾದದ್ದು, 1.0 ಆಗಲು 2008 ಬರಬೇಕಾಯಿತು. ವಿಂಡೋಸ್ ಪ್ರೋಗ್ರಾಂ ಕೇಳಿದ್ದನ್ನೆಲ್ಲ ಲಿನಕ್ಸ್ ಕೈಯಲ್ಲಿ ಮಾಡಿಸುವುದು ಅದರ ಕೆಲಸ. ಪ್ರೋಗ್ರಾಂಗೆ ಪರಕೀಯ ಅನ್ನಿಸಬಾರದೆಂದು ಒಂದು ಸುಳ್ಳು ಸಿ ಡ್ರೈವ್, ಅದರೊಳಗೆ 'ವಿಂಡೋಸ್' ಎಂಬ ಫೋಲ್ಡರ್, ಎಲ್ಲವನ್ನೂ ಕಟ್ಟಿಕೊಡುತ್ತದೆ. ರಂಗಸ್ಥಳದಲ್ಲಿ ಒಂದು ಪೀಠ ಇಟ್ಟು ಇದೇ ಹಸ್ತಿನಾವತಿ ಎಂದ ಹಾಗೆ. ವೇಷಧಾರಿ ಅನುಮಾನ ಪಡದಿದ್ದರೆ ಆಟ ಬೆಳಗಿನವರೆಗೂ ಸಾಗುತ್ತದೆ. ಕೆಲವು ವಿಂಡೋಸ್ ವೈರಸ್ಸುಗಳೂ ಅನುಮಾನ ಪಡದೆ ಕುಣಿಯುತ್ತವೆ. ಆತಿಥ್ಯದಲ್ಲಿ ಭೇದವಿಲ್ಲ.

ನುಡಿ ಹೇಗೋ ತೆರೆದುಕೊಂಡಿತು ಅನ್ನಿ. ಆದರೆ ವೈನ್ ಒಳಗಿನ ನುಡಿ ವೈನ್ ಒಳಗಿನ ಕಿಟಕಿಗಳಿಗಷ್ಟೇ ಕನ್ನಡ ಬಡಿಸುತ್ತದೆ. ಹೊರಗಿರುವ ಲಿಬ್ರೆಆಫೀಸ್‌ಗೆ ಅದರ ಪರಿಚಯವೇ ಇಲ್ಲ. ತಮಾಷೆಯೆಂದರೆ, ಕರಾವಳಿಯವರೇ ಆದ ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ಐಬಸ್ ಎಂಬ ಟೈಪಿಂಗ್ ಸವಲತ್ತಿನ ಜೊತೆ ಲಿನಕ್ಸ್‌ನಲ್ಲೇ ಪುಕ್ಕಟೆ ಸಿಗುತ್ತದೆ. ವೈನ್ ಬೇಡವೇ ಬೇಡ.

ಬೇಡ, ನಿಜ. ಆದರೆ ಅದರಲ್ಲಿ ಮೂಡುವುದು ಯೂನಿಕೋಡ್. ಪ್ರೆಸ್‌ನವರಿಗೆ ಬೇಕಾದದ್ದು ತೆರೆಯ ಮೇಲೆ ಕನ್ನಡದಂತೆ ಕಂಡು, ಫೈಲಿನೊಳಗೆ ಲ್ಯಾಟಿನ್ ಅಕ್ಷರಗಳಾಗಿ ಕೂತಿರುವ ಹಳೇ ನುಡಿ. ಯಾಕೆಂದರೆ ಪುಟ ವಿನ್ಯಾಸಕ್ಕೆ ಅವರು ಬಳಸುವ ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ. 2001ರಲ್ಲಿ ಬಂದ 7.0 ಅದರ ಕೊನೆಯ ಆವೃತ್ತಿ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ, ವೈನ್ ಹುಟ್ಟುವುದಕ್ಕೂ ಮೊದಲು. ಪರವಾಗಿಲ್ಲ, ಅವಸರ ಯಾರಿಗಿದೆ?

ಕಡೆಗೆ ಅಂಗಡಿಯವರು ಪೇಜ್‌ಮೇಕರನ್ನೂ ವೈನ್ ಒಳಗೇ ಕೂರಿಸಿದರು. ಈಗ ಲಿನಕ್ಸ್‌ಗೆ ಉಳಿದ ಕೆಲಸ ಒಂದೇ, ಬೆಳಿಗ್ಗೆ ಬೂಟ್ ಆಗುವುದು.

ಗಿರಾಕಿ ಕರಪತ್ರದ ಒಕ್ಕಣೆಯನ್ನು ವಾಟ್ಸ್ಆ್ಯಪ್‌ನಲ್ಲಿ ಚಂದದ ಯೂನಿಕೋಡ್ ಕನ್ನಡದಲ್ಲೇ ಕಳಿಸಿರುತ್ತಾರೆ. ಅಂಗಡಿಯವರು ಮೊಬೈಲನ್ನು ಮಾನಿಟರಿಗೆ ಒರಗಿಸಿಟ್ಟು, ಒಂದೊಂದೇ ಸಾಲು ನೋಡಿಕೊಂಡು ಪುನಃ ಟೈಪ್ ಮಾಡುತ್ತಾರೆ. ಟೈಪಿಂಗ್ ಚಾರ್ಜು ಬೇರೆ.